ಸುಣ್ಣದವ್ವ

ಬೆಳಿಗ್ಗೆ ಡೇರೆಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಬಾಯಿ ತೊಳೆಯುತ್ತಿದ್ದಾಗ ಪಾಂಡುರಂಗನಿಗೆ ತನ್ನ ನಾಲಿಗೆಯೇ ಹೇಸಿಕೆ ಎನಿಸಿತು. ಬೇವಿನ ಕಡ್ಡಿ ಸೀಳಿ ಎಷ್ಟು ಕೆರೆದರೂ ರಾತ್ರಿ ಉಂಡ ಬದನೆಕಾಯಿ ಪಲ್ಯದ ಎಣ್ಣೆ ಗಂಟಲ ಬುಡದಲ್ಲಿ ಅಂಟಿಕೊಂಡೇ ಇತ್ತು. ತಂಬಿಗೆಯೊಳಗೆ ಒಂದು ಇರುವೆ ಸತ್ತು ತೇಲುತ್ತಿತ್ತು. ಅದನ್ನು ಬೆರಳಿನಿಂದ ಎತ್ತಿ ಚೆಲ್ಲಿ, ಅದೇ ನೀರನ್ನು ಬಾಯಿಗೆ ಹಾಕಿಕೊಂಡ. ಬೇರೆ ನೀರಿರಲಿಲ್ಲ, ಸುರೇಬಾನದ ಕಡೆಯಿಂದ ಗಾಡಿಯಲ್ಲಿ ಬರುವ ಪೀಪಾಯಿ ಮಧ್ಯಾಹ್ನಕ್ಕೆ ಮೊದಲು ಬರುವುದಿಲ್ಲ. ತಲೆ ಎತ್ತಿದರೆ ಗುಡ್ಡ. ಕೆಂಪು ಬಂಡೆಗಳು ಒಂದರ ಮೇಲೊಂದು ಕುಸಿದು ನಿಂತ ಬೋಳು ಗುಡ್ಡ; ಸಂದುಗಳಲ್ಲಿ ಒಣಹುಲ್ಲು, ಮುಳ್ಳುಕಂಟಿ. ತುದಿಯಲ್ಲಿ ಒಂದು ಬಿಳಿ ಚುಕ್ಕೆ. ದೀಪಾವಳಿ ಮುಗಿದ ಮೇಲೆ ಅವನೇ ಮುಂದೆ ನಿಂತು ಕಟ್ಟಿಸಿ ಸುಣ್ಣ ಹೊಡೆಸಿದ ಕಲ್ಲಿನ ಗುಪ್ಪೆ ಅದು. ಆಗ ಮೊಣಕಾಲೆತ್ತರ ಇತ್ತು. ಈಗ ಕೆಳಗಿನಿಂದಲೂ ಹೊಟ್ಟೆ ಬಂದವರ ಹಾಗೆ ದಪ್ಪಗೆ ಕಾಣುತ್ತಿತ್ತು, ಪಕ್ಕದ ಕೋಲಿನಲ್ಲಿ ಯಾರೋ ಹೆಣ್ಣುಮಕ್ಕಳು ಕಟ್ಟಿದ ಹಸಿರು ಕುಬಸದ ಖಣ ಹಾರಾಡುತ್ತಿತ್ತು. ಆ ಗುಪ್ಪೆಯನ್ನು ಇವತ್ತು ಕೀಳಿಸಬೇಕು. ಕೀಳಿಸದಿದ್ದರೆ ನಕಾಶೆಯ ಹಾಳೆ ಕೂಡಿಬರುವುದಿಲ್ಲ. ಗುರುವಾರ ಸಾಹೇಬರು ಬಂದು ನೋಡುತ್ತಾರೆ, ಕೂಡದ ಹಾಳೆಯವನನ್ನು ಕಾಯಂ ಮಾಡುವುದಿಲ್ಲ, ಮನೆಗೆ ಕಳಿಸುತ್ತಾರೆ. ಮನೆ ಎಂದರೆ ಬೈಲಹೊಂಗಲದಲ್ಲಿ ಮಾವನ ಮನೆ. ಬಾಯೊಳಗಿನ ನೀರನ್ನು ಉಗುಳಿದ. ಅದು ಕಲ್ಲಿಗೆ ಬಡಿದು ಅವನ ಪಾದಕ್ಕೇ ಸಿಡಿಯಿತು.

ಅವನ ಕೆಲಸವೆಂದರೆ ಗುಡ್ಡಗಳನ್ನು ಕಾಗದಕ್ಕೆ ಇಳಿಸುವುದು. ರಾಮದುರ್ಗದಿಂದ ಸವದತ್ತಿಯ ಕಡೆಗೆ ಹಬ್ಬಿದ ಈ ಸಾಲಿನ ಒಳಗನ್ನು ಯಾರೂ ಸರಿಯಾಗಿ ಬರೆದಿರಲಿಲ್ಲ. ಅವನ ಕೈಗೆ ಕೊಟ್ಟ ಹಳೆಯ ನಕಾಶೆಯಲ್ಲಿ ಹೊಲ, ಹಳ್ಳ, ದಾರಿ ಎಲ್ಲ ಮುಗಿದ ಮೇಲೆ ಕಾಗದ ಬರೀ ಬಿಳಿಯಾಗಿ ಉಳಿದಿತ್ತು. ಮೊದಲ ಸಲ ನೋಡಿದಾಗ ಆ ಬಿಳಿಯ ಮೇಲೆ ಅವನಿಗೆ ಆಸೆ ಹುಟ್ಟಿದ್ದು ನಿಜ. ಮೂರು ಕಾಲಿನ ಹಲಗೆಗೆ ಹಾಳೆ ಬಿಗಿದು, ಒಂದು ಗುಡ್ಡದ ಮೇಲೆ ನಿಂತು, ಬೇರೆ ಗುಡ್ಡಗಳ ತುದಿಯಲ್ಲಿ ನೆಟ್ಟ ಕೋಲುಗಳನ್ನು ಪಟ್ಟಿಯ ಸೀಳಿನಿಂದ ನೋಡಿ ಗೆರೆ ಎಳೆಯಬೇಕು. ಮೂರು ಕಡೆಯಿಂದ ಎಳೆದ ಗೆರೆಗಳು ಒಂದೇ ಚುಕ್ಕೆಯಲ್ಲಿ ಸೇರಿದರೆ ಆ ಗುಡ್ಡ ಕಾಗದದ ಮೇಲೆ ತನ್ನ ಜಾಗದಲ್ಲಿ ಕುಳಿತ ಹಾಗೆ. ಈ ಗುಡ್ಡ ಕುಳಿತುಕೊಳ್ಳಲಿಲ್ಲ. ಮೂರು ಗೆರೆಗಳ ನಡುವೆ ಸಾಸಿವೆ ಕಾಳಿನಷ್ಟು ತ್ರಿಕೋನವೊಂದು ಬಾಯಿ ಬಿಟ್ಟುಕೊಂಡು ನಿಂತಿತು. ಅಳಿಸಿ ಎಳೆದ, ಮತ್ತೆ ಅಳಿಸಿದ, ಕಾಗದದ ಆ ಜಾಗ ನವೆಯಾದ ಚರ್ಮದ ಹಾಗೆ ಎದ್ದಿತು. ತಪ್ಪು ಕಣ್ಣಿನದಲ್ಲ, ಕೋಲಿನದು. ಒಂದು ಗೆರೆಗೂ ಇನ್ನೊಂದಕ್ಕೂ ನಡುವಿನ ದಿನಗಳಲ್ಲಿ ಕೋಲನ್ನು ಜನ ಕಿತ್ತು ಆಚೆ ನೆಟ್ಟಿದ್ದರು, ಗುಪ್ಪೆಯಾಗಿ ಕುಳಿತ ಅವ್ವನಿಗೆ ಕಟ್ಟೆ ಕಟ್ಟಲು ಅಡ್ಡವಾಗುತ್ತದೆಂದು. ನಿಜವಾದ ಗುರುತು, ಬಂಡೆಯಲ್ಲಿ ಕೊರೆದ ಒಂದು ವೃತ್ತ, ನಡುವೆ ಚುಕ್ಕೆ, ಗುಪ್ಪೆಯ ಅಡಿಯಲ್ಲಿ ಎಲ್ಲೋ ಇತ್ತು. ಹಲಗೆಯನ್ನು ನೇರ ಅದರ ಮೇಲೆ ನಿಲ್ಲಿಸದೆ ಬೇರೆ ದಾರಿಯಿಲ್ಲ.

ಅವ್ವನನ್ನು ಮಾಡಿದವನೂ ಅವನೇ. ಮೊದಲು ನೆಟ್ಟ ಕೋಲಿನ ಬಾವುಟದ ಅರಿವೆ ಎಂಟೇ ದಿನದಲ್ಲಿ ಯಾರದೋ ಮಗುವಿನ ಅಂಗಿಯಾಗಿತ್ತು, ಬಿದಿರು ಒಲೆಗೆ ಹೋಗಿತ್ತು. ಎರಡನೆಯದೂ ಹಾಗೇ. ಮೂರನೆಯದನ್ನು ನೆಟ್ಟು ಕಲ್ಲು ಪೇರಿಸಿ ಸುಣ್ಣ ಬಳಿದಾಗ, ಹಲಗೆ ಹೊರುವ ಖಲಾಸಿ ಶಟ್ಟೆಪ್ಪ, "ಒಂದೀಟ ಕುಂಕುಮ ಹಚ್ಚಿಬಿಡೂನ್ರಿ ರಾಯರ. ಯಾವ ಮಗ ಮುಟ್ಟತಾನ ನೋಡೂನು," ಎಂದಿದ್ದ. ಪಾಂಡುರಂಗ ನಕ್ಕು, ಹಚ್ಚು ಎಂದ. "ನೀವ ಹಚ್ಚರಿ. ನನ್ನ ಕೈಯಾಗ ತಂಬಾಕ ಐತಿ." ಹಸಿ ಸುಣ್ಣದ ಮೇಲೆ ಹೆಬ್ಬೆರಳಿನಿಂದ ಒತ್ತಿದಾಗ ಕುಂಕುಮ ನೀರು ಕುಡಿದು ಕೆಳಗೆ ಇಳಿದಿತ್ತು, ಗಾಯದ ಹಾಗೆ. ಆಮೇಲೆ ಯಾರೂ ಕದಿಯಲಿಲ್ಲ. ಕದಿಯುವ ಬದಲು ತರತೊಡಗಿದರು. ಒಬ್ಬಳು ಎಣ್ಣೆ ತಂದಳು, ಇನ್ನೊಬ್ಬಳು ಮೊಸರನ್ನ ತಂದಳು, ದನ ಕಾಯುವವರು ಹೋಗಿ ಬಂದು ಒಂದೊಂದು ಕಲ್ಲು ಇಟ್ಟರು. ಸುಣ್ಣದವ್ವ ಎಂದು ಹೆಸರಾಯಿತು. ಇದನ್ನು ಡೇರೆಯಲ್ಲಿ ಹಾಸ್ಯದ ಕಥೆಯಂತೆ ಅವನೇ ಎಷ್ಟೋ ಸಲ ಹೇಳಿ ನಗಿಸಿದ್ದ. ತ್ರಿಕೋನ ಕಂಡ ಮೇಲೆ ಹೇಳುವುದು ಬಿಟ್ಟ.

ಹಲಗೆ ಹೊತ್ತು ಶಟ್ಟೆಪ್ಪ ಮುಂದೆ ಹತ್ತುತ್ತಿದ್ದ. ದಾರಿಯೆಂಬುದಿಲ್ಲ, ಬಂಡೆಯ ಸಂದು ಹಿಡಿದು ಮೈ ಎಳೆದುಕೊಳ್ಳಬೇಕು. ಇವನು ಕೈ ಊರಬೇಕಾದ ಕಲ್ಲಿನ ಮೇಲೆಯೇ ಶಟ್ಟೆಪ್ಪ ತಂಬಾಕು ಉಗುಳಿದ. ಬಿಸಿಲಿಗೆ ಆ ಕೆಂಪು ಜೊಲ್ಲು ಹೊಳೆಯಿತು. ಬೇರೆ ಕಲ್ಲಿಗೆ ಕೈ ಹಾಕಲು ಹೋಗಿ ಪಾಂಡುರಂಗನ ಮೊಣಕಾಲು ತರಚಿತು. ಬಯ್ಯಬೇಕೆಂದುಕೊಂಡ. ಬಯ್ದರೆ ಶಟ್ಟೆಪ್ಪ ಹಲಗೆ ಕೆಳಗಿಟ್ಟು ನಿಧಾನವಾಗಿ, "ಯಾಕ್ರಿ ರಾಯರ, ಮೈಲಿಗಿ ಆತೇನ್ರಿ?" ಎಂದು ಕೇಳುತ್ತಾನೆ. ಮಡಿ ಮೈಲಿಗೆ ಎಲ್ಲ ಬಿಟ್ಟವನು ತಾನು. ಜನಿವಾರ ಬನಿಯನ್ನಿನ ಒಳಗೆ ಎಲ್ಲಿದೆಯೋ ನೆನಪಿರುವುದಿಲ್ಲ. ಡೇರೆಯಲ್ಲಿ ಎಲ್ಲರ ತಟ್ಟೆಯ ಜೊತೆಗೆ ತಟ್ಟೆ ಇಟ್ಟು ಉಣ್ಣುತ್ತಾನೆ. ಆದರೂ ಹೊಟ್ಟೆಯೊಳಗೆ ಏನೋ ಒಂದು ಸದಾ ಮೂಗು ಮುಚ್ಚಿಕೊಂಡೇ ಕುಳಿತಿರುತ್ತದೆ. ಸಂಕ್ರಾಂತಿಗೆ ಬೈಲಹೊಂಗಲಕ್ಕೆ ಹೋದಾಗಲೂ ಅದು ಜೊತೆಗೇ ಬಂದಿತ್ತು. ಹೆಂಡತಿ ಲೀಲಾಬಾಯಿ ಒಳಗಿನಿಂದ ಮಗಳನ್ನು ತಂದು ಮುಂದೆ ಹಿಡಿದಳು. ಕೆಂಪಗೆ, ಮುದುಡಿಕೊಂಡು, ಕತ್ತಿನ ಮಡಿಕೆಯಲ್ಲಿ ಹಾಲು ಒಡೆದು ಹುಳಿವಾಸನೆ. ಅವನು ಎರಡೂ ಕೈ ಚಾಚಿದ್ದ. ಒದ್ದೆ ಅರಿವೆ ಬೆರಳಿಗೆ ತಾಗಿದ ಕೂಡಲೆ ಕೈ ತಾವಾಗಿಯೇ ಹಿಂದೆ ಬಂದವು. "ಕೈ ತಣ್ಣಗವ. ಆಮ್ಯಾಲೆ ತಗೋತೀನಿ," ಎಂದ. ಲೀಲಾಬಾಯಿ ಸೆರಗಿನಿಂದ ಕೂಸಿನ ಕತ್ತು ಒರೆಸಿದಳು. ತೂಗುಮಂಚದ ಮೇಲಿಂದ ಮಾವ ವೆಂಕಣ್ಣ ಅಡಕೆ ಕತ್ತರಿಸುವುದನ್ನು ನಿಲ್ಲಿಸದೆ, "ಬಿಡವಾ, ದೂರದಿಂದ ನೋಡಿ ನಕಾಶಾ ಬರಕೊಳ್ಳಲಿ. ಅವರ ಕೆಲಸನ ಅದು," ಎಂದರು. ಊಟಕ್ಕೆ ಕುಳಿತು ಮೊದಲ ತುತ್ತು ಎತ್ತಿದ ಹೊತ್ತಿಗೆ ಸರಿಯಾಗಿ, "ಕಾಯಂ ಆತೇನಪಾ?" ಎಂದು ಕೇಳಿದರು. ಪ್ರತಿ ಸಲವೂ ಮೊದಲ ತುತ್ತಿಗೇ ಕೇಳುತ್ತಾರೆ. ಆ ತುತ್ತು ಹೊಟ್ಟೆಗೆ ಇಳಿಯುವುದು ಬಹಳ ನಿಧಾನ.

ತುದಿ ಹತ್ತಿದಾಗ ಮೊದಲು ಬಂದದ್ದು ವಾಸನೆ. ಸುಣ್ಣದ ಬಿಳಿ ಅಲ್ಲಲ್ಲಿ ತೇಪೆಯಾಗಿ ಉಳಿದಿತ್ತು, ದೂರಕ್ಕೆ ಮಾತ್ರ ಅದು ಪೂರ್ತಿ ಬಿಳಿ. ಹತ್ತಿರದಿಂದ ಗುಪ್ಪೆ ಎಣ್ಣೆ ಕುಡಿದು ಕಪ್ಪಾಗಿ, ಹಕ್ಕಳೆ ಎದ್ದ ಮೈಯಂತೆ ಇತ್ತು. ಮೊಸರನ್ನ ಒಣಗಿ ಕಲ್ಲಿನ ಸಂದುಗಳಲ್ಲಿ ಹಳದಿಯಾಗಿತ್ತು, ಒಡೆದ ತೆಂಗಿನಕಾಯಿಯ ಹೋಳುಗಳು ಒಳಗೆ ಕಪ್ಪಿಟ್ಟು ಲೋಳೆಯಾಗಿದ್ದವು, ನೊಣಗಳು ಇವನ ನೆರಳಿಗೆ ಎದ್ದು ಮತ್ತೆ ಅಲ್ಲೇ ಕುಳಿತವು. ಎಲ್ಲಕ್ಕಿಂತ ಕೆಟ್ಟದ್ದು ಕೂದಲು. ಯಾರು ಯಾರದೋ ಮಕ್ಕಳ, ಮೊದಲ ಸಲ ಬೋಳಿಸಿದ ಜವಳದ ಕೂದಲು, ಮೃದುವಾದ ಕಂದು ಕೂದಲು, ಎಣ್ಣೆಗೆ ಹತ್ತಿ ಉಂಡೆಯಾಗಿ ಗಾಳಿಗೆ ಅಲುಗುತ್ತಿತ್ತು. ಅದು ಬೆಳೆಯುತ್ತಿದೆ ಎಂಬಂತೆ ಅವನಿಗೆ ಕಂಡಿತು. ಗುಪ್ಪೆಯ ಮಗ್ಗುಲಿಗೆ ಬಂಡೆಯ ನೆರಳಿನಲ್ಲಿ ಆಗಲೇ ನಾಲ್ಕು ಜನ ಬಂದು ಕುಳಿತಿದ್ದರು: ಗುಡ್ಡದ ಆಚೆ ಮಗ್ಗುಲಿನ ಹಳ್ಳಿಯ ರೈತ ನಿಜಗುಣಪ್ಪ, ತೊಡೆಯ ಮೇಲೆ ಗಂಡು ಕೂಸು ಮಲಗಿಸಿಕೊಂಡ ಅವನ ಹೆಂಡತಿ ಸಿದ್ದಲಿಂಗವ್ವ, ಅವರ ಮನೆಯ ಪೂಜೆಗೆ ಬರುವ ಅಯ್ಯ ಗಂಗಯ್ಯ, ಮತ್ತೆ ಕ್ಷೌರದ ಕತ್ತಿ ಮಸೆಯುತ್ತಿದ್ದ ಹಡಪದ ಸಂಗಪ್ಪ.

"ಬರ್ರಿ ರಾಯರ," ಎಂದ ಗಂಗಯ್ಯ. "ನಿಮ್ಮನ್ನ ಕರಿಯಾಕ ಈ ಸಂಗಪ್ಪನ್ನ ಕಳಸಾವ ಇದ್ದೆ. ನೀವ ಬಂದ್ರಿ."

"ನಾ ಸರಕಾರಿ ಕೆಲಸಕ್ಕ ಬಂದೀನಿ ಅಯ್ಯನವರ. ಈ ಗುಪ್ಪಿ ಇವತ್ತ ತಗೀಬೇಕು," ಎಂದ ಪಾಂಡುರಂಗ. ಬಂಡೆ ಬಂಡೆಗೆ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದ ಮಾತನ್ನು ಉಸಿರು ಕಟ್ಟುವ ಮೊದಲು ಆಡಿ ಮುಗಿಸಬೇಕಿತ್ತು. "ನಿಮಗ ಖರೇ ಹೇಳತೀನಿ. ಇದು ದೇವರಲ್ಲ. ಕೋಲು ನಿಲ್ಲಲಿ ಅಂತ ನಾನ ಕಟ್ಟಿಸಿದ್ದು. ಕಳವು ಆಗಬಾರದಂತ ಕುಂಕುಮ ಹಚ್ಚೀನಿ. ನಾನ, ಈ ಕೈಲೇ."

ಮಾತು ಮುಗಿದ ಮೇಲೆ ಏನಾದರೂ ಆಗಬೇಕಿತ್ತು. ಸಿಟ್ಟು, ಅಳು, ಕಡೆಗೆ ಒಂದು ಬೈಗುಳ. ಸಿದ್ದಲಿಂಗವ್ವ ಕೂಸಿನ ಮೂಗು ಒರೆಸಿ, "ನೀವ ಕಟ್ಟಿಸೀರಿ ಅನ್ನೂದು ಯಾರಿಗಿ ಗೊತ್ತಿಲ್ರೀ ಯಪ್ಪಾ," ಎಂದಳು. "ಸುಣ್ಣ ಕಲಸಾಕ ಈ ಶಟ್ಟೆಪ್ಪಣ್ಣ ನಮ್ಮ ಮನ್ಯಾಗಿನ ಬಕೀಟ ಒಯ್ದಾನ. ಇನ್ನೂ ತಂದ ಕೊಟ್ಟಿಲ್ಲ."

ಶಟ್ಟೆಪ್ಪ ದೂರದ ಮನೋಳಿ ಊರಿನ ದಿಕ್ಕಿಗೆ ನೋಡುತ್ತ ನಿಂತ.

"ಗುಡಿ ಅನ್ನೂದು ಯಾರರೆ ಕಟ್ಟಿದ್ದ ಅಲ್ಲೇನ್ರಿ," ಎಂದ ಗಂಗಯ್ಯ. "ನೀವ ಕಟ್ಟೀರಿ. ಅದಕೇನ ತಪ್ಪ ತಿಳೀಬ್ಯಾಡ್ರಿ."

ಪಾಂಡುರಂಗನಿಗೆ ಕಿವಿಯ ಬುಡ ಬಿಸಿಯಾಯಿತು. ಎರಡು ವಾರ ನಿದ್ದೆಗೆಡಿಸಿದ ಸತ್ಯವನ್ನು ಎದೆಯಿಂದ ತೆಗೆದು ಮುಂದಿಟ್ಟರೆ ಇವರು ಅದನ್ನು ತರಕಾರಿಯಂತೆ ಹೊರಳಿಸಿ ನೋಡಿ ಪಕ್ಕಕ್ಕೆ ಇಟ್ಟುಬಿಟ್ಟರು. ಮೂರ್ಖರಾಗಿದ್ದರೆ ಕ್ಷಮಿಸಬಹುದಿತ್ತು, ಇವರು ಎಲ್ಲ ತಿಳಿದವರು, ತಿಳಿದೂ ಎಣ್ಣೆ ಹೊಯ್ಯುವವರು. ಸಿದ್ದಲಿಂಗವ್ವ ತನ್ನಷ್ಟಕ್ಕೆ ಹೇಳುತ್ತಿದ್ದಳು. ಮೊದಲಿನ ಎರಡು ಕೂಸು ಉಳಿಯಲಿಲ್ಲ. ಇದಕ್ಕೂ ಕಾರ್ತೀಕದಲ್ಲಿ ಉಸಿರು ಹಿಡಿದು ಮೈ ನೀಲಿಯಾಗಿತ್ತು. ಹೊತ್ತುಕೊಂಡು ಇಲ್ಲಿಗೆ ಬಂದು, ಇನ್ನೂ ಹಸಿ ಇದ್ದ ಸುಣ್ಣವನ್ನು ಬೆರಳಿಂದ ತೆಗೆದು ಎದೆಗೆ ಹಚ್ಚಿದಳು. ಉಸಿರು ಬಿಟ್ಟಿತು. ಉಳಿದರೆ ಜವಳ ನಿನ್ನ ಮುಂದೆಯೇ ತೆಗೆಸುತ್ತೇನೆ ಎಂದು ಬೇಡಿಕೊಂಡಳು. ಹಸಿ ಸುಣ್ಣ ಎಳೆ ಚರ್ಮವನ್ನು ಸುಡುತ್ತದೆ ಎಂದು ಪಾಂಡುರಂಗ ಯೋಚಿಸಿದ. ಅಂಗಿಯ ಸಂದಿನಲ್ಲಿ ಕೂಸಿನ ಎದೆಯ ಮೇಲೆ ಅಡಕೆಯಷ್ಟು ಅಗಲದ ಕಲೆ ಕಾಣುತ್ತಿತ್ತು. ಸುಟ್ಟ ನೋವಿಗೇ ಅತ್ತು ಉಸಿರು ಬಿಟ್ಟಿರಬೇಕು. ಅದನ್ನೂ ಹೇಳಿದರೆ, ಹೌದ್ರಿ, ಅವ್ವ ಹಂಗ ಅಳಸಿದಳು, ಎನ್ನುತ್ತಾರೆ.

ಗಂಗಯ್ಯ ಎದ್ದು ಬಂದು ಪಕ್ಕದಲ್ಲಿ ನಿಂತು, ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡುವವರ ದನಿಯಲ್ಲಿ ಮೆಲ್ಲಗೆ ಹೇಳಿದ: "ಒಂದ ಕೆಲಸ ಮಾಡೂನ್ರಿ. ಜವಳ ಆಗಿಬಿಡಲಿ. ಆಮ್ಯಾಲೆ ನಾವ ಎಲ್ಲಾರೂ ಕೂಡಿ ಅವ್ವನ್ನ ಎತ್ತಿ ಆಚಿ ಬಂಡಿಗಲ್ಲಿನ ಮ್ಯಾಲ ಕುಂಡ್ರಸೂನು. ನಿಮ್ಮ ಗುರುತು ನಿಮಗ, ನಮ್ಮ ಅವ್ವ ನಮಗ."

"ಎಷ್ಟೊತ್ತು ಹಿಡೀತದ?"

"ಕೂಸಿನ ತಲಿ ಐತ್ರಿ, ಕುರಿ ತುಪ್ಪಟ ಅಲ್ಲ. ಆದ್ರ ಒಂದೈತಿ. ಕೂಸನ್ನ ತೊಡಿಮ್ಯಾಲ ಕುಂಡ್ರಸಿಕೊಳ್ಳಾಕ ಸ್ವಾದರಮಾವ ಬೇಕು. ಇಕಿಗಿ ಅಣ್ಣತಮ್ಮ ಇಲ್ಲ. ಅವ್ವನ್ನ ತಂದ ಇಲ್ಲಿ ಕುಂಡ್ರಿಸಿದವರು ನೀವು. ತವರಮನಿ ಕಡಿಯವರು ಅಂದ್ರ ನೀವ ಆದ್ರಿ."

"ಕುಂಡ್ರರಿ ರಾಯರ," ಎಂದ ಶಟ್ಟೆಪ್ಪ, ಈಗ ಮನೋಳಿಯಿಂದ ಕಣ್ಣು ತೆಗೆದು. "ಮಾವ ಆಗೂದು ಏನ ದೊಡ್ಡ ಮಾತು. ಉಂಗುರಾ ಕೇಳೂದು ಮುಂದ ಮದಿವ್ಯಾಗ."

ನಿಜಗುಣಪ್ಪ ಕಂಬಳಿ ಹಾಸಿದ. ಅದರಲ್ಲಿ ಕುರಿಯ, ಹೊಗೆಯ, ಹಳೆಯ ಬೆವರಿನ ವಾಸನೆ. ಪಾಂಡುರಂಗ ಖಾಕಿ ಚಡ್ಡಿಯಲ್ಲಿ ಕಾಲು ಮಡಿಚಿ ಕುಳಿತ. ಅವನ ಬರಿ ತೊಡೆಯ ಮೇಲೆ ಕೂಸನ್ನು ಇಟ್ಟರು. ಭಾರ ಇರಲಿಲ್ಲ, ಬಿಸಿ ಇತ್ತು. ಅದರ ಮೂಗಿನ ಕೆಳಗೆ ಸಿಂಬಳ ಒಣಗಿ ಹೊಳೆಯುತ್ತಿತ್ತು, ಹುಟ್ಟಿದಂದಿನಿಂದ ಕತ್ತರಿ ಕಾಣದ ಕೂದಲು ಬೆವರಿಗೆ ಅಂಟಿ ನೆತ್ತಿಯ ಮೇಲೆ ಹುರುಕಿನ ಹಾಗೆ ಪದರಗಟ್ಟಿತ್ತು. ಸಂಗಪ್ಪ ಬಟ್ಟಲಿನ ನೀರು ಚಿಮುಕಿಸಿದ. ಹಳಸಿದ ಎಣ್ಣೆಯ ವಾಸನೆ ಎದ್ದು ಬಂದಿತು. ಮೂಗಿನಿಂದ ಉಸಿರಾಡದೆ ಬಾಯಿಂದ ಉಸಿರಾಡಿದ. ಬಾಯಿಗೂ ರುಚಿ ಸಿಕ್ಕಿತು. ಕೂಸು ಚೀರತೊಡಗಿತು, ಅದು ಒದರಿದಷ್ಟೂ ಅದರ ಎರಡು ಕೈಗಳನ್ನು ಅವನು ಬಿಗಿಯಾಗಿ ಹಿಡಿಯಬೇಕಾಯಿತು. ಹಿಡಿಯುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಕೂದಲು ಜಾರಿ ಜಾರಿ ಅವನ ಮೊಣಕೈಗೆ, ತರಚಿದ ಮೊಣಕಾಲಿನ ಹಸಿ ಗಾಯಕ್ಕೆ ಬಿದ್ದು ಅಂಟಿತು. ಕತ್ತಿಯ ತುದಿ ಎಲ್ಲೋ ತಾಗಿ ಒಂದು ಕೆಂಪು ಹನಿ ಮೂಡಿತು. ಸಿದ್ದಲಿಂಗವ್ವ ಅರಿಸಿನ ಒತ್ತಿದಳು. ಅಷ್ಟರಲ್ಲಿ ತೊಡೆಯ ಸಂದಿನಲ್ಲಿ ಬಿಸಿಯಾದದ್ದೇನೋ ಹರಿದು, ಚಡ್ಡಿಯನ್ನು ತೋಯಿಸಿ, ಕಾಲಿನ ಗುಂಟ ಇಳಿದು ಬೂಟಿನೊಳಗೆ ಹೋಯಿತು.

"ಮಾವಗ ಜಳಕ ಆತು," ಎಂದ ನಿಜಗುಣಪ್ಪ. ಎಲ್ಲರೂ ನಕ್ಕರು. ಕತ್ತಿ ಎತ್ತಿ ಹಿಡಿದು ಸಂಗಪ್ಪನೂ ನಕ್ಕ. ಪಾಂಡುರಂಗನ ಮುಖದ ಮೇಲೂ ನಗೆಯೊಂದು ಬಂದು ಕುಳಿತುಕೊಂಡಿತು, ಸಾಹೇಬರ ಹಾಸ್ಯಕ್ಕೆ ಬರುವಂಥದೇ ನಗೆ. ಅವರ ನಗುವಿಗಿಂತ ಅದೇ ಅವನಿಗೆ ಹೆಚ್ಚು ಹೇಸಿಕೆಯಾಯಿತು. ಇದೆಲ್ಲ ಗುರುತಿನ ಸಲುವಾಗಿ. ವೃತ್ತ, ನಡುವೆ ಚುಕ್ಕೆ. ಕಾಯಂ ಆದ ಮೇಲೆ ಒಂದು ದಿನ ಮಾವನ ಮನೆಯಲ್ಲಿ ಮೊದಲ ತುತ್ತನ್ನು ಸುಮ್ಮನೆ ಉಣ್ಣುವ ಸಲುವಾಗಿ.

ಮುಗಿಯಿತು. ಕೂದಲನ್ನು ಗುಪ್ಪೆಯ ಮೇಲೆ ಇಟ್ಟು ಎಣ್ಣೆ ಹೊಯ್ದರು. ಗಂಗಯ್ಯ ಊದಿನಕಡ್ಡಿ ಹಚ್ಚಿ, ಮಾತಿನಂತೆಯೇ, "ಏಳ್ರಿ ಇನ್ನ, ಕಲ್ಲ ಎತ್ತೂನು," ಎಂದ. ಆಗ ಸಿದ್ದಲಿಂಗವ್ವ ಬೋಳುತಲೆಯ ಕೂಸನ್ನು ಹೆಗಲಿಗೆ ಹಾಕಿಕೊಂಡು ಗುಪ್ಪೆಗೂ ಅವರಿಗೂ ನಡುವೆ ಬಂದು ನಿಂತಳು.

"ತಡೀರಿ ಅಯ್ಯನವರ. ಕೂದಲ ಇನ್ನೂ ಹಸಿ ಐತಿ. ಕೊಟ್ಟ ಕೈ ಹಿಂದ ತಗಿಯೂದರಾಗ ಅವ್ವನ್ನ ಕಿತ್ತರ, ಇದಕ್ಕೇನರೆ ಆದ್ರ?"

"ಮಾತ ಆಗೇತಿ ಬಿಡ ಇನ್ನ," ಎಂದ ಗಂಡ.

"ಮಾತ ನೀವ ಗಂಡಸರು ಆಡೀರಿ. ಎರಡ ಮಣ್ಣಿಗಿಟ್ಟಾಕಿ ನಾನು." ಆಮೇಲೆ ಅವಳು ಪಾಂಡುರಂಗನ ಕಡೆ ತಿರುಗಿದಳು. ದನಿ ಏರಿರಲಿಲ್ಲ. "ನೀವು ಮಾವ ಆಗಿ ಕುಂತೀರಿ. ಇದರ ತಲಿಮ್ಯಾಲ ಕೈ ಇಟ್ಟ ಒಂದ ಮಾತ ಅನ್ರಿ. ಏನೂ ಆಗೂದಿಲ್ಲ ಅನ್ರಿ. ನಾನ ಮದಲ ಕಲ್ಲ ಎತ್ತತೇನಿ."

"ಏನೂ ಆಗೂದಿಲ್ಲವಾ," ಎಂದ ಪಾಂಡುರಂಗ, ನಿಂತಲ್ಲಿಂದಲೇ.

"ಅಲ್ಲಿಂದ ಬ್ಯಾಡ್ರಿ. ಕೈ ಇಡ್ರಿ."

ಇದಕ್ಕಿಂತ ಸುಲಭದ್ದು ಯಾವುದಿದೆ ಎಂದುಕೊಂಡ. ಕಲ್ಲುಗಳನ್ನು ಎರಡು ಮಾರು ಆಚೆ ಇಟ್ಟರೆ ಯಾವ ಕೂಸಿಗೂ ಏನೂ ಆಗುವುದಿಲ್ಲ. ಅದು ಲೆಕ್ಕದಷ್ಟು ಖಚಿತ. ಆದರೆ ಅವಳು ಕೇಳಿದ್ದು ಕಲ್ಲಿನ ಮಾತಲ್ಲ. ಕೂಸಿಗೆ ಏನೂ ಆಗುವುದಿಲ್ಲ ಎಂಬ ಮಾತು. ಈ ಸೀಮೆಯಲ್ಲಿ, ಈ ನೀರು ಕುಡಿದು, ಈ ಹೊಗೆಯಲ್ಲಿ ಮಲಗುವ ಕೂಸಿಗೆ. ದಡಾರ ಬರುತ್ತದೆ, ಭೇದಿ ಬರುತ್ತದೆ, ಉಸಿರು ಹಿಡಿದ ಎದೆ ಮತ್ತೊಮ್ಮೆ ಹಿಡಿಯುತ್ತದೆ. ಯಾರ ಕೂಸಿನ ಮೇಲೂ ಯಾರೂ ಆಡಬಾರದ ಮಾತು ಅದು. ಗಂಗಯ್ಯ ಅದನ್ನು ಆಡಲು ಮುಂದೆ ಬಂದಿಲ್ಲವೆಂಬುದನ್ನು ಆಗ ಗಮನಿಸಿದ. ಅಯ್ಯ ಊದಿನಕಡ್ಡಿಯ ಬೂದಿ ಕೊಡವುತ್ತ ನಿಂತಿದ್ದ, ದೇವರ ವ್ಯವಹಾರದಲ್ಲಿ ಕೂದಲು ಬೆಳ್ಳಗಾದವನು. ಮೂರು ಗೆರೆಗಳ ನಡುವಿನ ತ್ರಿಕೋನ ಕಣ್ಣ ಮುಂದೆ ಬಾಯಿ ತೆರೆಯಿತು. ಪಾಂಡುರಂಗ ಮುಂದೆ ಹೋಗಿ ಕೈ ಇಟ್ಟ. ಅಂಗೈ ಕೆಳಗೆ ಅರಿಸಿನ, ಒಂದಿಷ್ಟು ರಕ್ತ, ತರಿತರಿಯಾದ ಕೂದಲ ಬುಡ. ಅದರ ನಡುವೆ ಇನ್ನೂ ಎಲುಬು ಕೂಡದ ಮೆತ್ತಗಿನ ಜಾಗವೊಂದು ಒಳಗಿನಿಂದ ಮೇಲೆದ್ದು ಇಳಿಯುತ್ತಿತ್ತು, ಮೇಲೆದ್ದು ಇಳಿಯುತ್ತಿತ್ತು. ಕೈ ತೆಗೆಯಬೇಕೆಂದರೆ ಮಾತು ಆಡಬೇಕು. "ಏನೂ ಆಗೂದಿಲ್ಲ," ಎಂದ. ತಪಾಸಣೆಯ ದಿನ ಸಾಹೇಬರಿಗೆ 'ಎಲ್ಲಾ ತಯಾರದ' ಎನ್ನುವ ದನಿಯೇ ಅದು, ಬೇರೆಯದು ಬಾಯಿಗೆ ಬರಲಿಲ್ಲ.

ಸಿದ್ದಲಿಂಗವ್ವನ ಮುಖ ಸಡಿಲಾಯಿತು. ಕೂಸನ್ನು ಗಂಡನಿಗೆ ಕೊಟ್ಟು, ಸೆರಗು ಸಿಕ್ಕಿಸಿ, ಎಲ್ಲಕ್ಕಿಂತ ಮೇಲಿನ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆಚೆಯ ಬಂಡೆಗೆ ನಡೆದಳು. ಮಿಕ್ಕವರು ಹಿಂದೆ. ತೊಳೆದ ಪಾತ್ರೆಗಳನ್ನು ಒಳಗಿಡುವವರ ಹಾಗೆ ಮಾತಾಡಿಕೊಳ್ಳುತ್ತ ಕಲ್ಲು ಸಾಗಿಸಿದರು. ಬಕೆಟ್ಟಿನ ವಿಷಯ ಮತ್ತೆ ಬಂತು, ನಾಳೆ ತಂದುಕೊಡುತ್ತೇನೆಂದು ಶಟ್ಟೆಪ್ಪ ಎರಡು ಸಲ ಹೇಳಿದ. ಕಟ್ಟಕಡೆಯ ಸಾಲಿನ ಅಡಿಯಲ್ಲಿ ಹಸಿಬಿಸಿ ಕೆಸರು, ಬಿಳಿ ಹುಳುಗಳು, ಒಂದು ಜರಿ. ಪಾಂಡುರಂಗ ಕುಳಿತು ಹುಲ್ಲಿನಿಂದ ಒರೆಸಿದ, ಸಾಲದಾಗ ಉಗುರಿನಿಂದ ಕೆರೆದ. ವೃತ್ತ ಸಿಕ್ಕಿತು. ಚುಕ್ಕೆಯೊಳಗೆ ಎಣ್ಣೆ ತುಂಬಿ ಗಟ್ಟಿಯಾಗಿತ್ತು, ಕಡ್ಡಿಯಿಂದ ತೆಗೆದ. ಹಲಗೆ ನಿಲ್ಲಿಸಿ, ಸಮ ಮಾಡಿ, ಸೀಳಿಗೆ ಕಣ್ಣಿಟ್ಟು ಪಡುವಣ ಗುಡ್ಡದ ಕೋಲನ್ನು ಹಿಡಿದ, ಗೆರೆ ಎಳೆದ. ತೆಂಕಣದ್ದನ್ನು ಹಿಡಿದ. ಎರಡು ಗೆರೆಗಳು ಕೂಡಿದವು. ಮೂರನೆಯದಕ್ಕೆ ಪಟ್ಟಿ ತಿರುಗಿಸಿಟ್ಟಾಗಲೇ ಗೊತ್ತಾಯಿತು, ಅದೂ ಅಲ್ಲಿಯೇ ಬಂದು ಸೇರುತ್ತದೆ, ಸೂಜಿಯ ಮೊನೆಯಷ್ಟೂ ಅತ್ತಿತ್ತ ಇಲ್ಲದೆ. ತಪ್ಪಾಗಿದ್ದ ಗೆರೆಗಳನ್ನೆಲ್ಲ ತಿದ್ದಿದರೆ ಗುರುವಾರದೊಳಗೆ ಹಾಳೆ ಕೂಡುತ್ತದೆ. ಸಂತೋಷ ಬರಲೆಂದು ಸ್ವಲ್ಪ ಹೊತ್ತು ನಿಂತ. ಚಡ್ಡಿ ಒಣಗಿ ತೊಡೆಗೆ ಅಂಟಿ ತುರಿಸುತ್ತಿತ್ತು.

ಅವರು ಇಳಿಯುತ್ತಿದ್ದರು. ಸಿದ್ದಲಿಂಗವ್ವ ಮುಂದೆ, ಕೂಸು ಹೆಗಲ ಮೇಲೆ, ಅದರ ಬೋಳುತಲೆ ಬಿಸಿಲಿಗೆ ಹಳದಿಯಾಗಿ ಅಲುಗುತ್ತ. ಅದು ಕೆಮ್ಮಿತು. ಸಣ್ಣದು, ಒಣದು, ಹುಲ್ಲು ಮುರಿದಂತೆ. ಪಾಂಡುರಂಗ ಸೀಳಿನಿಂದ ಕಣ್ಣು ತೆಗೆದ.

"ಶಟ್ಟೆಪ್ಪ, ಆ ಕೂಸು ಕೆಮ್ಮಿತೇನು?"

"ಕೂಸಂದ ಮ್ಯಾಲ ಕೆಮ್ಮತೈತ್ರಿ."

"ಮದಲಿಂದ ಅದನೋ, ಈಗ ಬಂದದ್ದೋ?"

ಶಟ್ಟೆಪ್ಪ ಬಾಯೊಳಗಿನ ತಂಬಾಕನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ, ನಗದೆ ಅವನ ಮುಖ ನೋಡಿದ. "ಏನ್ರಿ ರಾಯರ, ನೀವೂನ..." ಎಂದು ಶುರು ಮಾಡಿ ನಿಲ್ಲಿಸಿದ.

"ಓಡಿ ಹೋಗಿ ಕೇಳಿ ಬಾ. ತಲಿಗೆ ಅರಿವಿ ಕಟ್ಟಂತ ಹೇಳು. ಗಾಳಿ ಅದ."

ಶಟ್ಟೆಪ್ಪ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಇಳಿದ. ಅವರು ನಿಂತರು. ಏನು ಹೇಳಿದನೋ, ಸಿದ್ದಲಿಂಗವ್ವ ಮೇಲೆ ತಿರುಗಿ ನೋಡಿ, ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ಅದಕ್ಕೇನೂ ಆಗೂದಿಲ್ರೀ, ನೀವ ಅಂದೀರಲ್ಲ," ಎಂದು ಕೂಗಿ ಹೇಳಿದಳು. ಹಾಯಾಗಿ, ಮನೆಯ ಅಂಗಳದಿಂದ ಮಾತಾಡುವವಳ ದನಿ. ಆಮೇಲೆ ಗಂಡನನ್ನು ಹಿಂದೆ ಹಾಕಿ ಸರಸರ ಇಳಿಯತೊಡಗಿದಳು. ಪಾಂಡುರಂಗನ ಬೆರಳಲ್ಲಿ ಪೆನ್ಸಿಲು ಇತ್ತು. ಮೂರನೆಯ ಗೆರೆ ಎಳೆಯುವುದು ಬಾಕಿ ಇತ್ತು. ಬೋಳುತಲೆ ಬಂಡೆಗಳ ನಡುವೆ ಮರೆಯಾಗಿ, ಕಂಡು, ಮತ್ತೆ ಮರೆಯಾಯಿತು. ಅವನು ಉಸಿರು ಬಿಗಿಹಿಡಿದು ಇನ್ನೊಂದು ಕೆಮ್ಮಿಗೆ ಕಾದ.